ಎತ್ತು ಅನ್ನುವುದಕ್ಕೆ ನಾಲ್ಕು ಮಾತು

ನಾನು ನಿಂತು ಮಾತಾಡುವ ಜಾಗಕ್ಕೆ ನೆಲದ ಮೇಲೆ ಹಳದಿ ಪೇಂಟಿನಲ್ಲಿ ಒಂದು ಸುತ್ತು ಬರೆದಿದ್ದಾರೆ. ಎರಡು ಕಾಲು ಜೋಡಿಸಿ ನಿಂತರೆ ಸರಿಹೋಗುವಷ್ಟು ಅಗಲ. ಕ್ರೇನಿನಲ್ಲಿ ಕಲ್ಲು ಮೇಲೇಳುವಾಗ ನಾನು ಆ ಸುತ್ತಿನೊಳಗೇ ಇರಬೇಕು, ಅತ್ತಿತ್ತ ಹೋಗುವ ಹಾಗಿಲ್ಲ. ಈಗಲೂ ಬೆಳಗ್ಗೆ ಅದರೊಳಗೆ ಕಾಲಿಡುವಾಗ ನನ್ನ ಅಂಗೈ ಬೆವರುತ್ತದೆ. ಹೆದರಿಕೆ. ಅದಕ್ಕೆ ಬೇರೆ ಹೆಸರಿಟ್ಟು ಕರೆಯುವುದು ನನಗೆ ಬೇಕಾಗಿಲ್ಲ.

ನಮ್ಮದು ತಮಿಳುನಾಡಿನ ಪೆನ್ನಾಗರಂ ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕುರಿಗಳ ಹತ್ತಿರ ಎರಡೂ ಅಲ್ಲದ ಇನ್ನೊಂದು. ಅಪ್ಪ ಕುರಿ ಮೇಯಿಸಿಯೇ ನಮ್ಮನ್ನು ಸಾಕಿದವನು. ಕಾಡಿನೊಳಗೆ ಮಂದೆ ಬಿಡುವುದಕ್ಕೆ ಕಟ್ಟುನಿಟ್ಟು ಹೆಚ್ಚಾದ ಮೇಲೆ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಧರ್ಮಪುರಿ ರಸ್ತೆಯಲ್ಲಿರುವ ಗ್ರಾನೈಟ್ ಯಾರ್ಡಿಗೆ ಕಲ್ಲು ಕಟ್ಟುವ ಕೆಲಸಕ್ಕೆ ಸೇರಿದ. ಲಾರಿಯಲ್ಲಿ ಬರುವ, ಸಣ್ಣ ಕೋಣೆಯಷ್ಟಿರುವ ಕಲ್ಲಿಗೆ ಕಬ್ಬಿಣದ ಹಗ್ಗ ಸುತ್ತಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸುವುದು, ಅದು ಇಳಿಯುವ ಕಡೆ ಮರದ ತುಂಡುಗಳನ್ನಿಟ್ಟು ಕೂರಿಸುವುದು, ಇದು ಆ ಕೆಲಸ. ಅಪ್ಪನ ಜೊತೆ ನಮ್ಮೂರಿನವರೇ ಇನ್ನೂ ಮೂರು ಜನ ಇದ್ದರು. ಎಲ್ಲರೂ ಕುರಿ ಬಿಟ್ಟು ಬಂದವರು.

ನಾನು ಧರ್ಮಪುರಿಯಲ್ಲಿ ಬಿಕಾಂ ಮುಗಿಸಿ ಅದೇ ಯಾರ್ಡಿನ ಆಫೀಸಿನಲ್ಲಿ ಲಾರಿ ಬಿಲ್ಲುಗಳನ್ನು ಟೈಪ್ ಮಾಡುತ್ತಿದ್ದೆ. ಒಂದು ದಿನ ಓನರ್ ಕರೆದರು. ಅವರು ಸೇಲಂನವರು, ತಮಿಳಿನಲ್ಲೇ ಮಾತು. "ಪುದು ಮೆಷಿನ್ ವರುದು ಮಾ, ಸ್ಪೇನ್‌ಲೆ ಇರುಂದು. ವರ್ರವನುಕ್ಕು ಇಂಗ್ಲೀಷ್ ವರಾದು. ನೀ ಅವನ್ ಭಾಷೆ ಕತ್ತುಕ್ಕೊ" ಅಂದರು. ಕಲ್ಲು ಕೊಯ್ಯುವ ಹೊಸ ಯಂತ್ರ ಸ್ಪೇನಿನಿಂದ ಬರುತ್ತದೆ, ಅದನ್ನು ಜೋಡಿಸಿಕೊಡಲು ಬರುವವನಿಗೆ ಇಂಗ್ಲಿಷ್ ಬಾರದು, ನೀನು ಅವನ ಭಾಷೆ ಕಲಿತುಕೋ ಅಂತ. ಅಂಗಡಿಗೆ ಹೋಗಿ ಅರ್ಧ ಕೆಜಿ ಈರುಳ್ಳಿ ತಾ ಅಂದ ಹಾಗೆ ಅಂದರು. ಫೋನಿನಲ್ಲೇ ಮಾತು ಬದಲಾಯಿಸುತ್ತದಲ್ಲ ಸಾರ್ ಅಂದೆ. ಯಾರ್ಡಿನಲ್ಲಿ ಈ ಮೂಲೆಯಲ್ಲಿ ಸಿಗ್ನಲ್ ಇದ್ದರೆ ಆ ಮೂಲೆಯಲ್ಲಿ ಇಲ್ಲ, ಕಲ್ಲು ಗಾಳಿಯಲ್ಲಿ ನೇತಾಡುವಾಗ ನೀನು ಫೋನ್ ಉಜ್ಜುತ್ತಾ ನಿಂತಿರುತ್ತೀಯಾ ಅಂತ ನನ್ನನ್ನೇ ಕೇಳಿದರು.

ಹೀಗೆ ಭಾನುವಾರ ಬಂದರೆ ಸೇಲಂ ಬಸ್ಸು ಹತ್ತುವುದು ಶುರುವಾಯಿತು. ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ಮೇಡಂ ಪಾಠ ಹೇಳುತ್ತಿದ್ದರು. ದಕ್ಷಿಣ ಅಮೆರಿಕದ ಯಾವುದೋ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ಕೆಳಗಿನಿಂದ ಬನ್ನು ಸುಡುವ ವಾಸನೆ, ಮೇಲೆ ನಾವು ಐದು ಜನ. ಮೊದಲ ತಿಂಗಳು ಸುಖವಾಗಿತ್ತು. ನಮಸ್ಕಾರ, ನೀರು, ಅನ್ನ, ಒಂದು ಎರಡು ಮೂರು. ನಾನೇ ಜಾಣೆ ಅಂದುಕೊಂಡಿದ್ದೆ.

ಎರಡನೆಯ ತಿಂಗಳು ಒಂದೇ ಥರ ಕಾಣುವ ಕ್ರಿಯಾಪದಗಳು ಬಂದವು ನೋಡಿ, ನನ್ನ ಗ್ರಹಚಾರ ಕೆಟ್ಟಿತು. ನಮಗೆ ಗೊತ್ತು ಅಂದರೆ ಗೊತ್ತು. ಈಜು ಗೊತ್ತು, ಹೊಗೆನಕಲ್ ಗೊತ್ತು, ಹೊಗೆನಕಲ್‌ನಲ್ಲಿ ಮೀನು ಹುರಿಯುವ ಅಕ್ಕನೂ ಗೊತ್ತು. ಅವರಿಗೆ ಹಾಗಲ್ಲ. ಈಜು ಗೊತ್ತಿರುವುದಕ್ಕೆ ‘ಸಾಬೇರ್’, ಊರೋ ಮನುಷ್ಯರೋ ಗೊತ್ತಿರುವುದಕ್ಕೆ ‘ಕೊನೊಸೇರ್’. ದಾರಿ ಕೇಳುವುದಕ್ಕೆ ಒಂದು ಮಾತು, ಕುಡಿಯಲು ನೀರು ಕೇಳುವುದಕ್ಕೆ ಇನ್ನೊಂದು. ಒಂದನ್ನು ಹಾಕುವ ಕಡೆ ಇನ್ನೊಂದನ್ನು ಹಾಕಿದರೆ ಮೇಡಂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಎದ್ದು ನಿಲ್ಲು ಅನ್ನುತ್ತಿದ್ದರು. ಸರಿಯಾದದ್ದು ಬಾಯಿಗೆ ಬರುವವರೆಗೆ ತಾವೂ ಮಾತಾಡದೆ ಕಿಟಕಿಯ ಕಡೆ ನೋಡುತ್ತಿದ್ದರು. ತಪ್ಪು ಹೇಳಬೇಡ, ತಡವಾದರೂ ಚಿಂತೆಯಿಲ್ಲ, ಯೋಚಿಸಿ ಸರಿಯಾದದ್ದನ್ನೇ ಹೇಳು ಅನ್ನುವುದು ಅವರ ಪಾಠ. ಬೈದಿದ್ದರೆ ನಾನು ತಿರುಗಿ ಗೊಣಗಿಯಾದರೂ ಬದುಕುತ್ತಿದ್ದೆ. ಆ ಮೌನ ನನ್ನ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ನನಗೊಂದು ನೋಟ್‌ಬುಕ್ ಇತ್ತು. ಮೊದಲು ತಮಿಳು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ, ಏಕೆಂದರೆ ಓದಿದ್ದು ತಮಿಳು ಮೀಡಿಯಂ. ಅದರಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ, ಮನೆಗೆ ಬಂದು ಓದಿದರೆ ಎಲ್ಲ ಕಲಸುಮೇಲೋಗರ. ಆಮೇಲೆ ಹೊಳೆಯಾಚೆ ಕರ್ನಾಟಕದ ಕಡೆ ಇರುವ ನಮ್ಮ ಅತ್ತೆ, ತನ್ನ ಮಕ್ಕಳ ಹಳೆಯ ಒಂದನೇ ಕ್ಲಾಸಿನ ಪುಸ್ತಕ ಕಳಿಸಿಕೊಟ್ಟಳು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅ ಆ ಇ ಈ ತಿದ್ದಿದೆ. ನನ್ನ ಮನೆಮಾತಿನ ಅಕ್ಷರವನ್ನು ನಾನು ಕಲಿತದ್ದು ಸ್ಪೇನಿನವರ ಮಾತು ಬರೆದುಕೊಳ್ಳುವುದಕ್ಕೆ. ನಗಬೇಡಿ.

ಯಾರ್ಡಿಗೆ ಬೇಕಾದ ಪುಟಗಳನ್ನು ಬೇರೆಯಾಗಿ ಮಡಚಿಟ್ಟಿದ್ದೆ. ಅದರಲ್ಲಿ ‘ಎತ್ತು’ ಅನ್ನುವುದಕ್ಕೆ ಒಂದು ಪುಟ. ‘ಸುಬೀರ್’, ಇರುವ ಕಡೆಯಿಂದ ಮೇಲಕ್ಕೆ ಏರಿಸುವುದು. ‘ಲೆವಾಂತಾರ್’, ಬಿದ್ದದ್ದನ್ನು, ಕೂತದ್ದನ್ನು ನೆಲದಿಂದ ಎತ್ತುವುದು. ‘ಅಲ್ಸಾರ್’, ಕೈ ಎತ್ತುವುದು, ದನಿ ಎತ್ತುವುದು. ‘ಎಲೆವಾರ್’, ಪುಸ್ತಕದಲ್ಲಿ ಬರುವಂಥದ್ದು. ನಾಲ್ಕರ ಕೆಳಗೂ ಕೆಂಪು ಗೆರೆ ಎಳೆದಿದ್ದೆ. ನಾವು ಕೂಸನ್ನು ಎತ್ತುತ್ತೇವೆ, ಮಲಗಿದ ಕುರಿಯನ್ನು ಎಬ್ಬಿಸುತ್ತೇವೆ, ಮೂಟೆಯನ್ನು ತಲೆಗೆ ಏರಿಸುತ್ತೇವೆ. ಯಾರೂ ನಿಂತು ಆರಿಸುವುದಿಲ್ಲ, ಬಾಯಿಗೆ ತಾನಾಗಿ ಬರುತ್ತದೆ. ಇವರದ್ದು ಮಾತ್ರ ಬಾಯಿಗೆ ಬರುವ ಮುಂಚೆ ಮೇಡಂ ನೋಡುವ ಆ ಕಿಟಕಿಯ ಹತ್ತಿರ ಹೋಗಿ ಬರಬೇಕಾಗುತ್ತಿತ್ತು.

ಯಂತ್ರ ಬಂತು, ಜೊತೆಗೆ ಸ್ಪೇನಿನವರೂ ಬಂದರು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ನಮ್ಮವರು ಅವರನ್ನು ‘ಸ್ಪೇನ್ ಸಾರ್’ ಅನ್ನುತ್ತಿದ್ದರು. ಕಲ್ಲನ್ನು ಯಂತ್ರದ ಟ್ರಾಲಿಯ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಬೇಕು, ಆದ್ದರಿಂದ ಕ್ರೇನಿನ ರಿಮೋಟು ಅವರ ಕೈಯಲ್ಲೇ ಇರುತ್ತಿತ್ತು. ಕಲ್ಲಿನ ಆಚೆ ಬದಿಯಲ್ಲಿ ಬಗ್ಗಿ ಕೆಲಸ ಮಾಡುವ ಅಪ್ಪ ಅವರಿಗೆ ಕಾಣುತ್ತಿರಲಿಲ್ಲ. ಇಬ್ಬರನ್ನೂ ನೋಡಬಲ್ಲವಳು ನಾನೊಬ್ಬಳೇ. ಅಪ್ಪ ನನಗೆ ಹೇಳಬೇಕು, ನಾನು ಅವರಿಗೆ ಹೇಳಬೇಕು, ಆಮೇಲೆ ಅವರು ಗುಂಡಿ ಒತ್ತಬೇಕು. ಅಪ್ಪನ ಜೀವ ನನ್ನ ನಾಲಿಗೆಯ ಮೇಲಿದೆ ಅಂತ ಆವತ್ತೇ ಗೊತ್ತಾಯಿತು, ಊಟ ಸೇರಲಿಲ್ಲ.

ಅವರು ಹಳದಿ ಸುತ್ತನ್ನು ಮೊದಲು ಬರೆದದ್ದು ಟ್ರಾಲಿಯ ಪಶ್ಚಿಮಕ್ಕೆ. ಅಲ್ಲಿ ಬೆಳಗಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ನನಗೆ ತಲೆನೋವು ಬರುತ್ತದೆ, ಇತ್ತ ಹಾಕಿಕೊಡಿ ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಹಳೆಯದನ್ನು ಅಳಿಸಿ ಪೂರ್ವದ ಮೂಲೆಗೆ ಹೊಸದಾಗಿ ಬರೆದುಕೊಟ್ಟರು. ದಾರಿ ‘ಕೇಳುವ’ ಮಾತು ಹಾಕದೆ ನೀರು ‘ಕೇಳುವ’ ಮಾತನ್ನೇ ಸರಿಯಾಗಿ ಬಳಸಿದೆ ಅಂತ ನನಗೆ ಖುಷಿಯಾಗಿತ್ತು. ಬೇರೇನೂ ಯೋಚಿಸಿರಲಿಲ್ಲ.

ಇನ್ನು ಕೂಗಿನ ವಿಷಯ ಹೇಳಬೇಕು. ಕಾಡಿನಲ್ಲಿ ಕುರಿ ಮೇಯಿಸುವ ನಮ್ಮವರಲ್ಲಿ ಒಂದು ಕೂಗಿದೆ. ನಾಲಿಗೆಯನ್ನು ಅಂಗುಳಿಗೆ ಬಡಿದು ‘ಟ್ರ್ರ್ರ್ರ್ ಹೋಯ್’ ಅಂತ. ಒಬ್ಬನ ಬೆನ್ನ ಹಿಂದೆ ಅಪಾಯವಿದ್ದು ಅದು ಇನ್ನೊಬ್ಬನಿಗೆ ಕಂಡರೆ ಹೀಗೆ ಕೂಗುತ್ತಾರೆ. ಆನೆಯೋ ಹಾವೋ ಉರುಳುವ ಬಂಡೆಯೋ, ಅದನ್ನು ಹೇಳುತ್ತಾ ಕೂರುವುದಿಲ್ಲ. ಕೇಳಿಸಿಕೊಂಡವನು ಏನು ಎತ್ತ ಅನ್ನದೆ, ತಿರುಗಿಯೂ ನೋಡದೆ, ಕೂಗು ಬಂದ ಕಡೆಗೆ ಓಡಿ ಬರಬೇಕು. ನನಗೆ ಎಂಟು ವರ್ಷವಿದ್ದಾಗ ಅಪ್ಪ ಹೀಗೆ ಕೂಗಿದ. ನಾನು ತಿರುಗಿ ನೋಡಿದೆ. ಬಿದಿರು ಮೆಳೆಯಲ್ಲಿ ಆನೆ ನಿಂತಿತ್ತು, ಕಿವಿ ಆಡಿಸುತ್ತಾ. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಅಪ್ಪ ಬಂದು ಎಳೆದುಕೊಂಡು ಓಡಿದ, ದೂರ ಬಂದ ಮೇಲೆ ಕೆನ್ನೆಗೆ ಫಟಾರನೆ ಬಾರಿಸಿದ. ಅವನು ನನ್ನನ್ನು ಹೊಡೆದದ್ದು ಅದೊಂದೇ ಸಲ. "ಕೂಗ್ ಬಂದ್ರೆ ನೋಡೋಕಿಲ್ಲ. ಕೈಲಿರೋದ ಬಿಸಾಕಿ ಕೂಗ್ದೋರ್ ಕಡೀಕ್ ಓಡು. ನೋಡೋದು ಆಮ್ಯಾಕೆ" ಅಂದ.

ಆ ಕೂಗನ್ನು ನಮ್ಮವರು ಯಾರ್ಡಿಗೂ ತಂದಿದ್ದರು. ಕಲ್ಲು ಜಾರಿದರೆ, ಹಗ್ಗ ಸಡಿಲವಾದರೆ ಯಾರಾದರೊಬ್ಬರು ಕೂಗುತ್ತಿದ್ದರು, ಉಳಿದವರು ಕೈಯಲ್ಲಿದ್ದದ್ದನ್ನು ಎಸೆದು ಆ ಕಡೆ ಓಡುತ್ತಿದ್ದರು. ಸ್ಪೇನ್ ಸಾರ್ ಬಂದ ಮೊದಲ ದಿನವೇ ಒಂದು ಮರದ ತುಂಡು ಜಾರಿತು, ಅಪ್ಪನ ಜೊತೆಗಾರ, ನಾನು ಮಾವ ಅಂತ ಕರೆಯುವವನು, ಗಂಟಲು ಹರಿಯುವ ಹಾಗೆ ಕೂಗಿದ. ಸ್ಪೇನ್ ಸಾರ್ ಬೆಚ್ಚಿಬಿದ್ದು ರಿಮೋಟನ್ನು ಕೈಬಿಡುವುದರಲ್ಲಿದ್ದರು. ಏನದು ಅಂತ ನನ್ನನ್ನು ಕೇಳಿದರು. ಓನರ್ ಪಕ್ಕದಲ್ಲೇ ನಿಂತಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಏನಿಲ್ಲ, ಅದು ಕುರಿಗಳಿಗೆ ಕೂಗುವುದು ಅಂದೆ. ಅವರು ನಕ್ಕರು, ಕೆಟ್ಟ ನಗೆಯೇನಲ್ಲ. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಹೆದರುಪುಕ್ಕಲಿಗೆ ಸಿಟ್ಟು ಜಾಸ್ತಿ, ನನ್ನನ್ನು ನೋಡಿದರೆ ತಿಳಿಯುತ್ತದೆ.

ಟೀ ಹೊತ್ತಿನಲ್ಲಿ ನಾಲ್ವರನ್ನೂ ನಿಲ್ಲಿಸಿಕೊಂಡು ಹೇಳಿದೆ. "ಇದೇನ್ ಕಾಡಾ? ಇನ್ಮೇಲೆ ಯಾರೂ ಅಂಗ್ ಕೂಗ್ಬಾರ್ದು. ಆ ಮನುಷ್ಯ ಎದ್ರಿ ತಪ್ಪ್ ಗುಂಡಿ ಒತ್ಬಿಟ್ರೆ? ಏನಿದ್ರೂ ನಂಗೇಳಿ, ನಾನ್ ಅವ್ರಿಗೇಳ್ತೀನಿ. ನಾನ್ ಏಳೋಗಂಟ ಯಾರೂ ಬಾಯ್ ಬಿಡೋಕಿಲ್ಲ."

ಮಾವ ಕೈಮುಗಿದು, "ಆಗ್ಲಿ ತಾಯಿ, ಸ್ಪೇನ್ ದೇಸದ್ ಮಾರಾಣಿ" ಅಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಲೋಟ ತೊಳೆದಿಟ್ಟು, "ಸರಿ ಕಣವ್ವ, ನೀ ಯೋಳ್ದಂಗೆ. ಆದ್ರೆ ಬಾಯ್ ಮುಚ್ಕಂಡ್ ಕೆಲ್ಸ ಮಾಡಿ ನಂಗ್ ಅಭ್ಯಾಸಿಲ್ಲ" ಅಂದ. ಅಭ್ಯಾಸ ಮಾಡ್ಕೊ ಅಂದೆ. ಅಪ್ಪನಿಗೆ ಹಾಗೆ ಅಂದೆ.

ಎರಡನೆಯ ದಿನ ನನ್ನ ಮಾನ ಹೋಯಿತು. ಕಲ್ಲನ್ನು ಇನ್ನೂ ಸ್ವಲ್ಪ ಎತ್ತಬೇಕಿತ್ತು, ನಾನು ‘ಅಲ್ಸಾರ್’ ಹಾಕಿ ಹೇಳಿದೆ. ಸ್ಪೇನ್ ಸಾರ್ ಕಲ್ಲನ್ನು ಎತ್ತಿದರು. ಎತ್ತಿ ಇಳಿಸಿ ಎಲ್ಲ ಮುಗಿದ ಮೇಲೆ ಮುಗುಳ್ನಗುತ್ತಾ, ಅದು ಕೈ ಎತ್ತುವುದಕ್ಕೆ, ಬಾವುಟ ಎತ್ತುವುದಕ್ಕೆ ಚೆನ್ನ, ಕ್ರೇನಿಗೆ ನಾವು ‘ಸುಬೀರ್’ ಅನ್ನುತ್ತೇವೆ ಅಂತ ತಿದ್ದಿದರು. ಓನರ್ ಎಲ್ಲಿದ್ದರೋ, "ಎನ್ನಮ್ಮಾ, ತಪ್ಪಾ ಸೊಲ್ಲಿಟ್ಟಿಯಾ?" ಅಂತ ಎಲ್ಲರೆದುರು ಕೇಳಿದರು. ತಪ್ಪು ಹೇಳಿದೆಯಾ ಅಂತ. ಯಾರಿಗೂ ಏನೂ ಆಗಿರಲಿಲ್ಲ, ಕಲ್ಲು ಕೂರಬೇಕಾದ ಕಡೆಯೇ ಕೂತಿತ್ತು. ಆದರೂ ಆ ದಿನದಿಂದ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ನಿಲ್ಲತೊಡಗಿದೆ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ, ಒಂದನ್ನು ಆರಿಸಿ, ಇನ್ನೊಮ್ಮೆ ನೋಡಿ, ಆಮೇಲೆ ಹೇಳುವುದು. ಸ್ಪೇನ್ ಸಾರ್ ಸುಮ್ಮನೆ ಕಾಯುತ್ತಿದ್ದರು. ಕಾಯುವವರು ಸಿಕ್ಕಿದ್ದೇ ನನಗೆ ಕೆಡುಕಾಯಿತು.

ಅದಾಗಿ ಹತ್ತು ಹನ್ನೆರಡು ದಿನ ಕಳೆದಿತ್ತು. ಬೆಳಗ್ಗೆ ಹನ್ನೊಂದರ ಹೊತ್ತು, ಟೀ ಬರುವುದಕ್ಕೆ ಮುಂಚೆ. ಕಪ್ಪು ಕಲ್ಲೊಂದನ್ನು ತೊಳೆದು ಎತ್ತಿದ್ದರು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಲ್ಲು ಟ್ರಾಲಿಯ ಮೇಲೆ ಒಂದು ಗೇಣು ಎತ್ತರದಲ್ಲಿ ತೂಗುತ್ತಿತ್ತು. ಕೆಳಗಿನ ಮರದ ತುಂಡೊಂದು ಸೊಟ್ಟಗಾಗಿತ್ತು. ಅಪ್ಪ ನನ್ನ ಕಡೆ ಕೈ ಅಡ್ಡ ಹಿಡಿದು "ಇರ್ಲಿ, ಅಲ್ಲೇ ಇರ್ಲಿ" ಅಂದ. ನಾನು ಹೇಳಿದೆ, ಸ್ಪೇನ್ ಸಾರ್ ಗುಂಡಿಯಿಂದ ಬೆರಳು ತೆಗೆದರು. ಅಪ್ಪ ಕಲ್ಲಿಗೂ ಟ್ರಾಲಿಯ ಪಕ್ಕದ ಕಬ್ಬಿಣದ ಕಂಬಕ್ಕೂ ನಡುವೆ ಕುಕ್ಕರುಗಾಲಿನಲ್ಲಿ ಕೂತು, ತೋಳನ್ನು ಕಲ್ಲಿನ ಕೆಳಗೆ ತೂರಿಸಿ ಮರವನ್ನು ಎಳೆಯತೊಡಗಿದ. ಅವನ ಮುಖ ನೆಲದ ಕಡೆ ಇತ್ತು.

ಹಗ್ಗ ಜಾರಿದ್ದು ನನಗೆ ಕಂಡಿತು. ಒದ್ದೆ ಅಂಚಿನ ಮೇಲೆ ಎರಡು ಬೆರಳಿನಷ್ಟು, ಅಷ್ಟೇ. ಕಿರ್ ಅಂತ ಸದ್ದಾಯಿತು, ಕಲ್ಲು ಒಂದು ಕಡೆ ವಾಲಿ ನಿಧಾನವಾಗಿ ಕಂಬದ ಕಡೆ ತಿರುಗತೊಡಗಿತು. ಅಪ್ಪ ಮರ ಎಳೆಯುತ್ತಲೇ ಇದ್ದ. ಸ್ಪೇನ್ ಸಾರ್‌ಗೆ ಸದ್ದು ಕೇಳಿಸಿತು, ಆದರೆ ಅಪ್ಪನ ತೋಳು ಕೆಳಗಿರುವುದು ಕಾಣಿಸುತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿ ಕೇಳಿದರು, ಏನು ಮಾಡಲಿ?

ಎತ್ತಬೇಕು. ಒಂದು ಮೊಳ ಎತ್ತಿದರೆ ಅಪ್ಪನ ತೋಳು ಬಿಡುತ್ತದೆ, ಕಲ್ಲು ಕಂಬಕ್ಕೆ ತಾಗದೆ ಮೇಲೆ ಹೋಗುತ್ತದೆ. ನನಗೆ ಅದು ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಬಾಯಿ ತೆರೆದೆ. ನಾಲ್ಕು ಮಾತು ಬಂದು ಸಾಲಾಗಿ ನಿಂತವು. ಅಲ್ಸಾರ್ ಅಲ್ಲ, ಅದು ಕೈಗೆ, ಅದರಲ್ಲೇ ಮಾನ ಹೋದದ್ದು. ಲೆವಾಂತಾರ್ ನೆಲದಿಂದ, ಇದು ಆಗಲೇ ಗಾಳಿಯಲ್ಲಿದೆ. ಸುಬೀರ್. ಸುಬೀರ್ ಇರಬೇಕು, ಆದರೆ ವಾಲಿದ ಕಲ್ಲಿಗೂ ಅದೇನಾ, ಬೇರೆ ಏನಾದರೂ ಇದೆಯಾ? ನಾನು ಆರಿಸುತ್ತಿದ್ದೆ. ದೇವರಾಣೆ, ನನ್ನ ಅಪ್ಪನ ತಲೆಯ ಪಕ್ಕದಲ್ಲಿ ಕಲ್ಲು ತಿರುಗುತ್ತಿರುವಾಗ ನಾನು ಮಾತು ಆರಿಸುತ್ತಾ ನಿಂತಿದ್ದೆ. ಕಿಟಕಿಯ ಕಡೆ ನೋಡುವ ಮೇಡಂ ಮುಖ ಕಣ್ಣ ಮುಂದೆ ಬಂತು. ಸ್ಪೇನ್ ಸಾರ್ ಹುಬ್ಬು ಎತ್ತಿ ಕಾಯುತ್ತಿದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ.

ಆಮೇಲೆ ಬಂದದ್ದು ಸ್ಪೇನಿನ ಮಾತಲ್ಲ, ಕನ್ನಡವಲ್ಲ, ತಮಿಳಲ್ಲ. "ಟ್ರ್ರ್ರ್ರ್ ಹೋಯ್!" ನನ್ನ ಗಂಟಲಿನಿಂದಲೇ ಬಂತು, ನಾನು ಕೂಗಿದೆ ಅಂತ ಹೇಳಲಾರೆ.

ಅಪ್ಪ ತಲೆ ಎತ್ತಲಿಲ್ಲ. ಕಲ್ಲಿನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಮರ ಬಿಟ್ಟು, ಕೂತಲ್ಲಿಂದಲೇ ನನ್ನ ಕಡೆಗೆ ನೆಗೆದ, ನೆಲಕ್ಕೆ ಬಿದ್ದು ತೆವಳಿದ. ಹಿಂದೆ ಕಲ್ಲು ಕಂಬಕ್ಕೆ ಬಡಿಯಿತು. ಅಪ್ಪನ ತಲೆಯಿದ್ದ ಎತ್ತರಕ್ಕೆ ಸರಿಯಾಗಿ ಬಡಿಯಿತು, ಕಂಬದ ಬಣ್ಣ ಚಕ್ಕೆಯಾಗಿ ಎದ್ದಿತು. ಹಗ್ಗ ಇನ್ನಷ್ಟು ಜಾರಿ ಕಲ್ಲಿನ ಒಂದು ಮೂಲೆ ಕೆಳಗೆ ಕುಸಿಯಿತು. ಅಪ್ಪನ ಎಡಗಾಲು ಇನ್ನೂ ಅಲ್ಲಿತ್ತು.

ಅವನು ಕಿರುಚಲಿಲ್ಲ. ಹಾ ಅಂತ ಒಂದು ಉಸಿರು ಬಿಟ್ಟ. ಕಿರುಚಿದವಳು ನಾನು, ಈ ಸಲ ಕನ್ನಡದಲ್ಲೇ. ಸ್ಪೇನ್ ಸಾರ್‌ಗೆ ಯಾರ ಮಾತೂ ಬೇಕಾಗಲಿಲ್ಲ, ಮಾವ ತೋರಿಸಿದ ಕೈ ನೋಡಿ ಗುಂಡಿ ಒತ್ತಿದರು, ಕಲ್ಲು ಎದ್ದಿತು. ಮಾವ ಅಪ್ಪನನ್ನು ಎಳೆದುಕೊಂಡ. ಚಪ್ಪಲಿಯೊಳಗೆ ಎರಡು ಬೆರಳು ಜಜ್ಜಿಹೋಗಿದ್ದವು. ಯಾರ್ಡಿನ ಜೀಪಿನಲ್ಲಿ ಧರ್ಮಪುರಿಗೆ ಹೋಗುವಾಗ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಅಳಬೇಡ ಅಂತ ಅವನೇ ನನಗೆ ಹೇಳುತ್ತಿದ್ದ.

ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ನಿಜವಾದ ಹೆದರಿಕೆ ಬಂತು. ಅಪ್ಪ ಕೂಗು ಬಂದ ಕಡೆಗೆ ನೆಗೆದ. ನಾನು ಪೂರ್ವದ ಮೂಲೆಯಲ್ಲಿದ್ದೆ, ಆದ್ದರಿಂದ ಕಲ್ಲಿನಿಂದ ಆಚೆಗೆ ನೆಗೆದ. ಮೊದಲು ಬರೆದ ಸುತ್ತಿನಲ್ಲಿ, ಪಶ್ಚಿಮಕ್ಕೆ ನಿಂತಿದ್ದರೆ? ಅವನು ನೋಡುತ್ತಿರಲಿಲ್ಲ. ತಿರುಗುತ್ತಿದ್ದ ಕಲ್ಲಿನ ಕೆಳಗೇ ನುಗ್ಗುತ್ತಿದ್ದ, ನನ್ನನ್ನು ನಂಬಿಕೊಂಡು. ಬಿಸಿಲಿಗೆ ತಲೆನೋವು ಅಂತ ನಾನು ಹಟ ಮಾಡಿದ್ದಕ್ಕೆ ನನ್ನ ಅಪ್ಪ ಬದುಕಿದ್ದಾನೆ. ಇದನ್ನು ಯೋಚಿಸಿ ಯೋಚಿಸಿ ನನ್ನ ಹಲ್ಲು ಕಟಕಟ ಅನ್ನತೊಡಗಿತು. ಪಕ್ಕದಲ್ಲಿದ್ದ ಹೆಂಗಸು ಚಳಿಜ್ವರವೇ ಅಂತ ಕೇಳಿದಳು.

ಮಾವ ಬಂದು ಎದುರಿಗೆ ನಿಂತ. ಅವನ ಕಣ್ಣು ಕೆಂಪಾಗಿದ್ದವು. "ನಂಗೂ ಕಾಣ್ತು ಕಣವ್ವ, ಅಗ್ಗ ಜಾರಿದ್ದು. ಕೂಗು ಗಂಟ್ಲಗಂಟ ಬಂದಿತ್ತು. ನೀ ಬ್ಯಾಡ ಅಂದಿದ್ಯಲ್ಲ, ನೀನೇ ಏಳ್ತೀಯ ಅಂತ ನಿನ್ ಮಕ ನೋಡ್ತಾ ನಿಂತ್ಕಂಡೆ" ಅಂದ. ಬೈದಿದ್ದರೆ ಆಗುತ್ತಿತ್ತು. ಅವನು ತನ್ನದೇ ತಪ್ಪು ಅನ್ನುವ ಹಾಗೆ ಹೇಳಿದ.

ಸ್ಪೇನ್ ಸಾರ್ ಕೂಡ ಬಂದಿದ್ದರು, ಬೆಂಚಿನ ತುದಿಯಲ್ಲಿ ಕೂತಿದ್ದರು. ಅವರ ಬಟ್ಟೆಯ ಮೇಲೆ ಅಪ್ಪನ ರಕ್ತ ಇತ್ತು. ನಾನು ತಡೆದು ತಡೆದು ಕೇಳಿದೆ, ಆಗ ಯಾವ ಮಾತು ಹೇಳಬೇಕಿತ್ತು, ಸುಬೀರ್ ಸರಿಯಾ, ಲೆವಾಂತಾರ್ ಸರಿಯಾ? ಅವರು ಒಂದೇ ಮಾತು ಹೇಳಿದರು, "ಕ್ವಾಲ್ಕಿಯೇರಾ." ಯಾವುದಾದರೂ ಆಗುತ್ತಿತ್ತು ಅಂತ. ನಾಲ್ಕರಲ್ಲಿ ಯಾವುದನ್ನು ಅಂದಿದ್ದರೂ ಅವರು ಎತ್ತುತ್ತಿದ್ದರು. ಬರೀ ಕೈ ಮೇಲೆ ಮಾಡಿದ್ದರೂ ಎತ್ತುತ್ತಿದ್ದರು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ.

ಎರಡು ಬೆರಳನ್ನೂ ತೆಗೆದರು. ಅವ್ವ ಊರಿನಿಂದ ಬಂದು, ಏನಾಯ್ತು ಎಂಗಾಯ್ತು ಅಂತ ಎಲ್ಲರನ್ನೂ ಕೇಳಿದಳು. ಮಗಳು ಕೂಗಿ ಉಳಿಸಿದಳು ಅಂತ ಎಲ್ಲರೂ ಹೇಳಿದರು. ಅವ್ವ ನನ್ನ ಗಲ್ಲ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದಳು. ಓನರ್ ಕೂಡ ಬಂದು, "ನಲ್ಲ ವೇಳೆ ಮಾ, ನೀ ಇರುಂದೆ" ಅಂದು ಹೋದರು. ಒಳ್ಳೆಯದಾಯಿತು ನೀನು ಇದ್ದೆ ಅಂತ. ನಾನು ತಡಮಾಡಿದ್ದು ಗೊತ್ತಿದ್ದವರು ಇಬ್ಬರೇ, ಒಬ್ಬರಿಗೆ ಇಲ್ಲಿಯ ಭಾಷೆ ಬಾರದು, ಇನ್ನೊಬ್ಬ ಮಾವ, ಅವನು ಬಾಯಿ ಬಿಡುವವನಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಮೂರು ದಿನ ಸುಮ್ಮನಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪನಿಗೆ ಗಂಜಿ ಕುಡಿಸುವಾಗ ಹೇಳಿಬಿಟ್ಟೆ. "ಅಪ್ಪಾ, ನಾನು ಆಗ್ಲೇ ನೋಡಿದ್ದೆ. ಅಗ್ಗ ಜಾರಿದ್ ತಕ್ಷಣ್ವೇ ನೋಡಿದ್ದೆ. ಯಾವ್ ಮಾತ್ ಏಳೋದು ಅಂತ ಯೋಚ್ನೆ ಮಾಡ್ತಾ ನಿಂತಿದ್ದೆ. ನಿನ್ ಬೆರಳು ನನ್ನಿಂದ್ಲೇ ಓಗಿದ್ದು."

ಅಪ್ಪ ಚಮಚವನ್ನು ಕೈಯಿಂದ ಸರಿಸಿ ನನ್ನನ್ನು ನೋಡಿದ. "ಎಷ್ಟ್ ಮಾತಿದ್ವು ನಿನ್ ತಾವ?"

"ನಾಕು."

"ಎತ್ತು ಅನ್ನಾಕೆ?"

"ಊಂ."

"ಅಷ್ಟೊಂದ್ ಯಾಕವ್ವಾ" ಅಂದ. ಆಮೇಲೆ ಗಂಜಿಗೆ ಬಾಯಿ ತೆರೆದ. ನಾನು ಅಳುತ್ತಾ ಕುಡಿಸಿದೆ, ಅವನು ಕುಡಿದ.

ಈಗ ಯಾರ್ಡಿಗೆ ಎರಡನೆಯ ಯಂತ್ರ ಬಂದಿದೆ, ಸ್ಪೇನ್ ಸಾರ್ ಮತ್ತೆ ಬಂದಿದ್ದಾರೆ. ಮೊದಲ ದಿನವೇ ನಮ್ಮ ನಾಲ್ವರನ್ನು ಕರೆದು ಆ ಕೂಗನ್ನು ಕಲಿಸಿಕೊಡಿ ಅಂದರು. ಅವರ ನಾಲಿಗೆಗೆ ಟ್ರ್ರ್ರ್ ಅನ್ನುವುದು ನಮಗಿಂತ ಸಲೀಸು, ಮಾವ ಬಿದ್ದು ಬಿದ್ದು ನಕ್ಕ. ಹಳದಿ ಸುತ್ತನ್ನು ಎಲ್ಲಿ ಬರೆಯಲಿ ಅಂತ ಅವರು ಕೇಳಿದಾಗ ನಾನು ಕಲ್ಲಿನ ಸುತ್ತ ಮೂರು ಸಲ ನಡೆದು, ಅಪ್ಪ ಕೂರುವ ಜಾಗದಲ್ಲಿ ನಾನೇ ಕುಕ್ಕರುಗಾಲಿನಲ್ಲಿ ಕೂತು, ಎತ್ತ ನೆಗೆದರೆ ಉಳಿಯಬಹುದು ಅಂತ ನೋಡಿ ತೋರಿಸಿದೆ. ಬಿಸಿಲು ನೇರವಾಗಿ ಕಣ್ಣಿಗೆ ಬೀಳುವ ಜಾಗ. ಬೀಳಲಿ.

ಅಪ್ಪನಿಗೆ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತೇವೆ ಅಂದರು, ಅವನು ಒಪ್ಪಲಿಲ್ಲ. ನಾನು ಅತ್ತು ಕರೆದೆ, ಕಾಲು ಹಿಡಿದುಕೊಂಡೆ, ಸಿಟ್ಟಿನಲ್ಲಿ ಎರಡು ದಿನ ಮಾತು ಬಿಟ್ಟೆ. "ಕುಂಟ್ಕಂಡ್ ಗೇಟಲ್ ಕುಂತ್ರೆ ನೀ ದಿನಾ ನನ್ ಕಾಲೇ ನೋಡ್ತೀಯ. ಅಲ್ಲಾದ್ರೆ ಕಲ್ ನೋಡ್ತೀಯ" ಅಂದ. ಎಡಗಾಲಿನ ಬೂಟಿನ ತುದಿಗೆ ಹಳೆ ಬಟ್ಟೆ ತುರುಕಿಕೊಂಡು ಬರುತ್ತಾನೆ.

ನೋಟ್‌ಬುಕ್ಕಿನ ಆ ಪುಟ ಹಾಗೇ ಇದೆ. ಹರಿದು ಹಾಕಲಿಲ್ಲ. ಕಲ್ಲು ಮೇಲೇಳುವ ಮೊದಲು ‘ಸುಬೀರ್’ ಒಂದನ್ನೇ ನಾಲಿಗೆಯ ತುದಿಯಲ್ಲಿ ಇಟ್ಟುಕೊಳ್ಳುತ್ತೇನೆ, ಉಳಿದ ಮೂರು ಬಂದು ನಿಲ್ಲದಿರಲಿ ಅಂತ. ಆದರೂ ಬರುತ್ತವೆ. ಪ್ರತಿ ಸಲವೂ ಬರುತ್ತವೆ. ಹಗ್ಗ ಬಿಗಿಯುವ ಸದ್ದು ಕೇಳುತ್ತದೆ, ನನ್ನ ಅಂಗೈ ಒದ್ದೆಯಾಗುತ್ತದೆ, ಅಪ್ಪ ಮರದ ತುಂಡು ಹಿಡಿದು ಬಗ್ಗುತ್ತಾನೆ. ಉಳಿದ ಮೂವರು ತಲೆಯ ಮೇಲಿನ ಕಲ್ಲನ್ನು ನೋಡುತ್ತಾರೆ. ಅಪ್ಪ ಕಲ್ಲನ್ನು ನೋಡುವುದಿಲ್ಲ, ನನ್ನ ಬಾಯನ್ನು ನೋಡುತ್ತಾನೆ.